ಕಮಲಾಪುರದ ಕೆಂಪು ಬಾಳೆ

ಹಣ್ಣಿನ ಚರಿತ್ರೆಯೆಂದೊಡನೆ ಶ್ರೋತೃಗಳು ಮಾವಿನ ಹೆಸರನ್ನು ನಿರೀಕ್ಷಿಸುವುದು ಸಹಜ. ಬಾದಾಮಿ, ರಸಪುರಿ, ಮಲಗೋವಗಳ ಕೀರ್ತಿಗೆ ಕುಂದು ತರುವ ಉದ್ದೇಶ ನನಗಿಲ್ಲ. ಆದರೆ ಕಲಬುರಗಿಯ ಸೀಮೆಗೆ ಬಂದವನು ಮಾವನ್ನು ಬದಿಗಿಟ್ಟು ಬಾಳೆಯ ಮಾತನ್ನೇ ಎತ್ತಬೇಕಾಗುತ್ತದೆ.

ನಗರದಿಂದ ಹುಮನಾಬಾದಿನ ದಾರಿ ಹಿಡಿದು ಈಶಾನ್ಯಕ್ಕೆ ಸುಮಾರು ೩೫ ಕಿಲೋಮೀಟರು ಸಾಗಿದರೆ ಕಮಲಾಪುರ. ೧೩೪೭ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ರಾಜಧಾನಿಯಾದ ಕಲಬುರಗಿಗೂ, ಮುಂದಿನ ಶತಮಾನದಲ್ಲಿ ಆ ಪದವಿಯನ್ನು ಪಡೆದ ಬೀದರಿಗೂ ನಡುವೆ ಇರುವ ಊರಿದು. ೧೯೪೮ರವರೆಗೆ ನಿಜಾಮರ ಸೀಮೆಗೆ ಸೇರಿತ್ತು. ೨೦೧೭ರಲ್ಲಿ ರೈಲು ಬಂದಿತು. ಈಗ ತಾಲ್ಲೂಕು ಕೇಂದ್ರವೂ ಆಗಿದೆ. ತೊಗರಿ ಜೋಳಗಳ ಕರಿಯ ಎರೆಯನ್ನೇ ನೋಡುತ್ತ ಬಂದ ಕಣ್ಣಿಗೆ ಇಲ್ಲಿ ಕೆಮ್ಮಣ್ಣಿನ ಇಳಿಜಾರುಗಳೂ, ಅವುಗಳ ಮಡಿಲಲ್ಲಿ ಬಾಳೆಯ ತೋಟಗಳೂ ಕಾಣಸಿಗುತ್ತವೆ.

ಒಳ್ಳೆಯ ಹಣ್ಣಿಗೆ ಒಬ್ಬ ಸುಲ್ತಾನನನ್ನೋ ನವಾಬನನ್ನೋ ಗಂಟುಹಾಕುವುದು ನಮ್ಮಲ್ಲಿ ರೂಢಿ. ನನಗದು ಒಪ್ಪಿಗೆಯಲ್ಲ. ಬಾಳೆಯ ಮೂಲವನ್ನು ಆಸ್ಥಾನದಲ್ಲಲ್ಲ, ಗಿಡದಲ್ಲಿಯೇ ಹುಡುಕಬೇಕು. ಮಾವಿನ ಓಟೆಯನ್ನು ಬಿತ್ತಿದರೆ ಹುಟ್ಟುವ ಮರ ತಾಯಿಯಂತೆಯೇ ಇದ್ದೀತೆಂಬ ಭರವಸೆಯಿಲ್ಲ. ಆದುದರಿಂದಲೇ ಕಸಿಯ ವಿದ್ಯೆ ಬೇಕಾಯಿತು. ಬಾಳೆಯ ರೀತಿಯೇ ಬೇರೆ. ಆಗ್ನೇಯ ಏಷ್ಯದ ಕಾಡುಬಾಳೆಯೊಂದರ ವಂಶದಿಂದ ಬಂದ ಈ ಕೆಂಪು ಜಾತಿಯ ಜೀವಕೋಶಗಳಲ್ಲಿ ವರ್ಣತಂತುಗಳು ಎರಡರ ಬದಲು ಮೂರು ಮೂರು ಕಟ್ಟಾಗಿರುವುದರಿಂದ ಬೀಜ ಕಟ್ಟುವುದಿಲ್ಲ. ತಾಯಿಯ ಬುಡದಲ್ಲೊಡೆದ ಕಂದೇ ಮುಂದಿನ ಗಿಡ. ಅದು ಮಗಳೆನ್ನುವುದಕ್ಕಿಂತ ತಾಯಿಯೇ ಮರಳಿ ಎದ್ದಂತೆ. ಬೀಜವಿಲ್ಲದ ಇಂಥ ಗಿಡವನ್ನು ಹಕ್ಕಿ ಒಯ್ದು ಬಿತ್ತಲಾರದು, ಗಾಳಿಯೂ ತೂರಲಾರದು. ಕಮಲಾಪುರದ ಪ್ರತಿಯೊಂದು ಬುಡವೂ ಮನುಷ್ಯರ ಕೈಯಿಂದ ಕೈಗೆ ದಾಟಿಯೇ ಬಂದುದು.

ಹಾಗೆ ದಾಟಿದ ಕೈಗಳು ಕಮಲಾಪುರದವು ಮಾತ್ರವಲ್ಲ. ಇದೇ ಬಣ್ಣದ ಬಾಳೆಯನ್ನು ಹಳೆಯ ಮೈಸೂರಿನ ಕಡೆ ಚಂದ್ರಬಾಳೆಯೆಂದೂ, ಮಲಯಾಳಿಗಳು ಚೆಂಕದಳಿಯೆಂದೂ, ತಮಿಳರು ಸೆವ್ವಾಳೈ ಎಂದೂ ಕರೆಯುತ್ತಾರೆ. ಆಸ್ಟ್ರೇಲಿಯದಲ್ಲಿ ಅದಕ್ಕೆ ಢಾಕಾ ನಗರದ ಹೆಸರಂಟಿದೆ. ಆದಕಾರಣ ಇದು ನಮ್ಮ ನೆಲದಲ್ಲಿಯೇ ಹುಟ್ಟಿತೆಂದು ಹೆಮ್ಮೆಪಡುವುದು ಸಲ್ಲದು. ನಮ್ಮದಾದುದು ಸಾಕಣೆ.

ಆ ಸಾಕಣೆ ಸುಲಭವಾದುದಲ್ಲ. ಗಿಡ ಎತ್ತರ, ದಿಂಡಿನಲ್ಲಿಯೂ ಎಲೆಯ ನಡುನರದಲ್ಲಿಯೂ ಕೆಂಬಣ್ಣ. ಹಣ್ಣು ಗಿಡ್ಡ, ದುಂಡು. ತೊಗಟೆ ಗಾಢವಾದ ಕೆಂಪು, ಒಳಗಿನ ತಿರುಳು ಮೃದು, ಕೆನೆಬಣ್ಣದ್ದು, ಪರಿಮಳದ್ದು. ನೆಟ್ಟಂದಿನಿಂದ ಗೊನೆ ಕೈಗೆ ಬರಲು ಸುಮಾರು ೧೮ ತಿಂಗಳು ಬೇಕು. ಪೇಟೆಯಲ್ಲಿ ಎಲ್ಲೆಲ್ಲಿಯೂ ಕಾಣುವ ಹಳದಿ ಬಾಳೆಯಾದರೋ ಒಂದು ವರ್ಷದ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ಆ ಹೆಚ್ಚಿನ ತಿಂಗಳುಗಳಲ್ಲಿ ೪೦ ಡಿಗ್ರಿಯನ್ನು ಮೀರುವ ಕಲಬುರಗಿಯ ಬೇಸಗೆಯನ್ನು ಬಾವಿಯ ನೀರಿನಿಂದಲೇ ದಾಟಿಸಬೇಕು. ತಿಪ್ಪೆಗೊಬ್ಬರವನ್ನು ಕೈಬಿಚ್ಚಿ ಹಾಕಬೇಕು. ಇದಕ್ಕೆ ಶ್ರೀಮಂತರ ಹಣ್ಣೆಂಬ ಹೆಸರು ಬಂದುದರಲ್ಲಿ ಆಶ್ಚರ್ಯವಿಲ್ಲ. ಬೆಳೆಯುವವನು ಮಾತ್ರ ಶ್ರೀಮಂತನಾಗಿರಬೇಕೆಂದಿಲ್ಲ.

೧೯೯೯ರ ಭೌಗೋಳಿಕ ಗುರುತಿನ ಶಾಸನದ ಪ್ರಕಾರ ಕಮಲಾಪುರದ ಕೆಂಪು ಬಾಳೆ ನೋಂದಣಿಯಾಗಿದೆ. ಬೇರೆಡೆ ಬೆಳೆದ ಹಣ್ಣನ್ನು ಈ ಊರಿನ ಹೆಸರಿನಲ್ಲಿ ಮಾರುವುದನ್ನು ಕಾನೂನು ತಡೆಯಬಲ್ಲದು. ಬೇಗ ಹಣ ತರುವ ಬೆಳೆಯ ಕಡೆಗೆ ರೈತನ ಮನಸ್ಸು ವಾಲುವುದನ್ನು ಅದು ತಡೆಯಲಾರದು. ಸಾಲದ ಕಂತು ಹದಿನೆಂಟು ತಿಂಗಳು ಕಾಯುವುದಿಲ್ಲವಷ್ಟೆ.

ಇನ್ನೊಂದು ವಿಶೇಷವನ್ನು ಹೇಳಬೇಕು. ಕೆಂಪು ಬಾಳೆಯಲ್ಲಿ ಒಮ್ಮೊಮ್ಮೆ ಒಂದು ಕಂದು ತಾನಾಗಿಯೇ ಬಣ್ಣ ತೊರೆದು ಹಸುರಾಗಿ ಏಳುವುದುಂಟು. ಅದರ ಮರಿಗಳೂ ಹಸುರೇ. ಬೆಳೆಗಾರನು ಅಂಥದನ್ನು ಗುರುತಿಸಿ ಕಿತ್ತುಹಾಕಿ, ನಡುನರ ಕೆಂಪಗಿರುವ ಕಂದನ್ನೇ ಆರಿಸಿ ನೆಡಬೇಕು. ಜೋಳವನ್ನಾದರೆ ನಮ್ಮ ಹಿರಿಯರು ಹಗೇವಿನಲ್ಲಿ ತುಂಬಿಟ್ಟು ಬರಗಾಲ ಕಳೆದ ಮೇಲೆ ತೆಗೆಯುತ್ತಿದ್ದರು. ಬಾಳೆಯ ಕಂದನ್ನು ಹಾಗೆ ಹೂತಿಡಲು ಬರುವುದಿಲ್ಲ. ಈಗ ಪ್ರಯೋಗಶಾಲೆಯ ಸೀಸೆಯಲ್ಲಿಯೂ ಬಾಳೆಯ ಸಸಿಗಳನ್ನು ಎಬ್ಬಿಸುತ್ತಾರೆ, ನಿಜ. ಆದರೆ ಅದಕ್ಕೂ ಮೊದಲು ಯಾರಾದರೊಬ್ಬರ ತೋಟದಲ್ಲಿ ಕೆಂಪು ಗಿಡವೊಂದು ನಿಂತಿರಬೇಕು.