ಹಕ್ಕುದಾರ ಯಾರು?

‘ಹಕ್ಕು’ ಅರಬ್ಬಿಯ ‘ಹಕ್’ನಿಂದ ಬಂದ ಪದ. ಅಲ್ಲಿ ಅದಕ್ಕೆ ಸತ್ಯ, ನ್ಯಾಯ, ಸಲ್ಲಬೇಕಾದ ಪಾಲು ಎಂಬ ಅರ್ಥಗಳಿವೆ. ದೇವರ ಹೆಸರುಗಳಲ್ಲೂ ಅದೊಂದು. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಹಲ್ಲಾಜ್ ‘ನಾನೇ ಹಕ್’ ಎಂದಿದ್ದನೆಂಬ ಪ್ರತೀತಿ ಇದೆ. 1347ರಲ್ಲಿ ಬಹಮನಿಗಳ ರಾಜಧಾನಿಯಾದ ಕಲಬುರಗಿಯೊಳಗೆ ಈ ಪದ ಎರಡು ಬಾಗಿಲುಗಳಿಂದ ಹೊಕ್ಕಿರಬೇಕು. 1422ರಲ್ಲಿ ಇಲ್ಲೇ ತೀರಿಕೊಂಡ ಬಂದೇನವಾಜರಂಥ ಸೂಫಿಗಳ ಬಾಯಲ್ಲಿ ‘ಹಕ್’ ಎಂದರೆ ದೇವರು. ದಫ್ತರ ಬರೆಯುವವರ ಲೆಕ್ಕದಲ್ಲಿ, ಬೆಳೆಯೊಳಗಿನ ಪಾಲು.

ಕನ್ನಡ ಇಟ್ಟುಕೊಂಡದ್ದು ದಫ್ತರದ ಅರ್ಥವನ್ನು. ಇನ್ನೊಂದು ದಖ್ಖನಿ ಉರ್ದುವಿನಲ್ಲೇ ಉಳಿಯಿತು. ಅಲ್ಲಿ ‘ನಾಹಕ್’ ಎಂದರೆ ಇವತ್ತಿಗೂ ಅನ್ಯಾಯವಾಗಿ, ವಿನಾಕಾರಣ.

ಹಾಗೆಂದು ಮೊದಲು ನಮ್ಮಲ್ಲಿ ಹಕ್ಕೇ ಇರಲಿಲ್ಲ ಎಂದಲ್ಲ. ಶಾಸನಗಳ ‘ಅಷ್ಟಭೋಗ ತೇಜಸ್ವಾಮ್ಯ’ದಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಎಲ್ಲವೂ ಇವೆ, ಆದರೆ ದತ್ತಿ ಪಡೆದವನಿಗೆ ಮಾತ್ರ. ನೆಲದಲ್ಲಿ ದುಡಿಯುವವನ ಪಾಲಿಗಿದ್ದದ್ದು ‘ವಿಷ್ಟಿ’, ಅಂದರೆ ಕೂಲಿಯಿಲ್ಲದ ದುಡಿಮೆ. ನಮ್ಮ ‘ಬಿಟ್ಟಿ’ ಅದರಿಂದಲೇ ಬಂತು. ಒಮ್ಮೆ ಬಡವರಿಂದ ಕಿತ್ತುಕೊಂಡದ್ದರ ಹೆಸರನ್ನು ಈಗ ಬಡವರಿಗೆ ಕೊಟ್ಟದ್ದನ್ನು ಹಂಗಿಸಲು ಬಳಸುತ್ತೇವೆ! ಇರಲಿ.

ನಿಜಾಮರ ಆಡಳಿತದಲ್ಲೂ ಹಕ್ಕು ಎಲ್ಲರದಾಗಲಿಲ್ಲ. ‘ಹಕ್‌ದಾರ’ ಎಂದರೆ ಕಂದಾಯದಲ್ಲಿ ವಂಶಪಾರಂಪರ್ಯವಾಗಿ ಪಾಲು ಪಡೆಯುವ ದೇಶಮುಖ, ದೇಶಪಾಂಡೆಗಳಂಥವರು. ಹುಟ್ಟಿನಿಂದಲೇ ಬರುವ ಹಕ್ಕು ಎಂದರೆ ಇಂಥ ಮನೆಯಲ್ಲಿ ಹುಟ್ಟಿದರೆ ಬರುವ ಹಕ್ಕು.

ಈ ಅರ್ಥ ತಲೆಕೆಳಗಾದದ್ದು ಬಹಳ ಬೇಗ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಮೂರು ತಿಂಗಳೂ ತುಂಬುವ ಮೊದಲೇ, ಡಿಸೆಂಬರ್ 10ರಂದು, ವಿಶ್ವಸಂಸ್ಥೆ ಪ್ಯಾರಿಸ್‌ನಲ್ಲಿ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿತು. ಅದರ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರೂ’ ಎಂದೂ ಓದಬಹುದಾಗಿದ್ದ ಮಾತು ‘ಎಲ್ಲ ಮನುಷ್ಯರೂ’ ಎಂದಾದದ್ದು ಭಾರತದ ಹಂಸಾ ಮೆಹ್ತಾ ಹಿಡಿದ ಪಟ್ಟಿನಿಂದ. 48 ದೇಶಗಳು ಪರವಾಗಿ ಮತ ಹಾಕಿದವು, 8 ತಟಸ್ಥವಾದವು. ವರ್ಣಭೇದದ ದಕ್ಷಿಣ ಆಫ್ರಿಕಾ ತಟಸ್ಥವಾದದ್ದರಲ್ಲಿ ಆಶ್ಚರ್ಯವಿಲ್ಲ. ‘ಹಕ್’ ಪದದ ತವರಾದ ಸೌದಿ ಅರೇಬಿಯಾವೂ ಆ ಸಾಲಿನಲ್ಲಿತ್ತು. ಮರುವರ್ಷವೇ ಹೈದರಾಬಾದಿನ ಜಾಗೀರುಗಳು ರದ್ದಾದವು.

ಸಂವಿಧಾನದ ಮೂಲಭೂತ ಹಕ್ಕುಗಳನ್ನು ಹೇಳಲು ಹಿಂದಿ ‘ಅಧಿಕಾರ’ವನ್ನೂ ಮಲಯಾಳಂ ‘ಅವಕಾಶ’ವನ್ನೂ ಆರಿಸಿಕೊಂಡವು. ಕನ್ನಡದಲ್ಲಿ ಅಧಿಕಾರ ಸಾಹೇಬರ ಕುರ್ಚಿಯಲ್ಲಿರುತ್ತದೆ, ಅವಕಾಶವನ್ನು ಯಾರೋ ಮಾಡಿಕೊಡಬೇಕು. ಜಗಳವಾಡಿ ಕೇಳಬಹುದಾದದ್ದು ಹಕ್ಕು ಮಾತ್ರ. ನಮ್ಮ ಆಯ್ಕೆಯೇ ಮೇಲೆಂದು ನನಗನ್ನಿಸುತ್ತದೆ.

ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟರೆ ಕಮಲಾಪುರ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆ ದೊರೆತು, ಊರಿನ ಹೆಸರಿನ ಮೇಲೆ ಹಣ್ಣಿಗೆ ಹಕ್ಕು ಸಿಕ್ಕಿ ವರ್ಷಗಳೇ ಆದವು. ಈ ಸೀಮೆಯ ಲಂಬಾಣಿ ತಾಂಡಾಗಳು ಅಷ್ಟು ಬೇಗ ಆ ಭಾಗ್ಯ ಕಾಣಲಿಲ್ಲ. ಮನೆಗಳಿದ್ದವು, ಮತದಾರರಿದ್ದರು, ಕಂದಾಯ ದಾಖಲೆಯಲ್ಲಿ ಎಷ್ಟೋ ತಾಂಡಾಗಳು ಊರೇ ಆಗಿರಲಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಇಂಥ ಸುಮಾರು 1,475 ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿದ ಮೇಲೆ, 2023ರ ಜನವರಿ 19ರಂದು ಪ್ರಧಾನಿ ಮಳಖೇಡದಲ್ಲಿ ಹಕ್ಕುಪತ್ರ ಕೊಟ್ಟರು. ಪತ್ರಕ್ಕೆ ಬಾಧ್ಯರಾದ ಕುಟುಂಬಗಳು 50,000ಕ್ಕೂ ಹೆಚ್ಚು.

ಆದರೆ ಸರ್ಕಾರಿ ಭಾಷೆಯಲ್ಲಿ ಆ ಪತ್ರ ಹಿಡಿದವರ ಹೆಸರೇನು? ‘ಫಲಾನುಭವಿ’. ದುಡಿಯದೆ ಪಾಲು ತಿಂದ ದೇಶಮುಖ ಹಕ್ಕುದಾರ. ತಲೆಮಾರುಗಳಿಂದ ತಾನು ಕಟ್ಟಿಕೊಂಡ ಮನೆಯಲ್ಲೇ ಇದ್ದ ತಾಂಡಾದ ಹೆಣ್ಣುಮಗಳು ಫಲಾನುಭವಿ! ಪಟ್ಟಿ ಬರೆಯುವ ಗುಮಾಸ್ತರೇ, ಸುದ್ದಿ ಬರೆಯುವ ಗೆಳೆಯರೇ, ಮುಂದಿನ ಸಲ ಆ ಕಾಲಮ್ಮಿನ ಮೇಲೆ ‘ಹಕ್ಕುದಾರರು’ ಎಂದು ಬರೆಯಿರಿ.