ಕೊಲ್ಲಿಯ ರ‍್ಯಾಪ್‌ಗೆ ಸಿಕ್ಕ ಸ್ವಂತ ತಾಳ

2025ರ ಡಿಸೆಂಬರ್‌ನಲ್ಲಿ ತೆರೆಕಂಡ ‘ಧುರಂಧರ್’ ಚಿತ್ರದಲ್ಲಿ ಅಕ್ಷಯ್ ಖನ್ನಾ ಹೆಜ್ಜೆ ಹಾಕುವ ಹಾಡು ನಮ್ಮ ಊರುಗಳ ಮದುವೆ ಮನೆಯವರೆಗೂ ಬಂದು ಮುಟ್ಟಿತು. ಆ ‘ಫಸ್ಲಾ’ವನ್ನು ಹಾಡಿದವರು ಬಹರೇನ್‌ನ ರ‍್ಯಾಪರ್ ಫ್ಲಿಪರಾಚಿ, ಸಂಗೀತ ಡಿಜೆ ಔಟ್‌ಲಾ ಅವರದು. ಒಂದಕ್ಷರ ಅರ್ಥವಾಗದಿದ್ದರೂ ಜನ ಕುಣಿದರು. ಕುಣಿಸಿದ್ದು ಅಮೆರಿಕದ ತಾಳವಲ್ಲ, ಕೊಲ್ಲಿಯದೇ ತಾಳ. ಇದು ಒಂದು ದಿನದಲ್ಲಿ ಆದದ್ದಲ್ಲ. ಬಹರೇನ್‌ಗಿಂತ ಉತ್ತರಕ್ಕಿರುವ ಕುವೈತ್‌ನಿಂದ ನೋಡಿದರೆ ಈ ದಾರಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಕುವೈತ್‌ನ ಸಂಗೀತದ ಬುಡ ಹುಡುಕಿಕೊಂಡು ಹೋದರೆ ನಾವು ಮುಂಬೈಗೆ ಬಂದು ನಿಲ್ಲುತ್ತೇವೆ. ‘ಸೌತ್’ ಎಂಬ ನಗರ ಗಾಯನ ಶೈಲಿಯ ಪಿತಾಮಹ ಎನಿಸಿಕೊಂಡ ಅಬ್ದುಲ್ಲಾ ಅಲ್ ಫರಾಜ್ (1836–1901) ಬೆಳೆದದ್ದು, ಸಂಗೀತ ಕಲಿತದ್ದು ಮುಂಬೈಯಲ್ಲಿ. ಆಗಿನ ಕುವೈತ್ ಹಡಗುಗಳು ಬಸ್ರಾದ ಖರ್ಜೂರ ತುಂಬಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು, ಮಲಬಾರಿನ ಮರ ಹೇರಿಕೊಂಡು ಮರಳುತ್ತಿದ್ದವು. 1961ರಲ್ಲಿ ದಿನಾರ್ ಬರುವವರೆಗೂ ಅಲ್ಲಿ ನಡೆಯುತ್ತಿದ್ದದ್ದು ರೂಪಾಯಿ. ಸರಕಿನ ಜೊತೆ ರಾಗವೂ ಸಮುದ್ರ ದಾಟಿತು.

ಸೌತ್ ಹಾಡುವ ಬೈಠಕ್ಕನ್ನು ಗಮನಿಸಬೇಕು. ಒಬ್ಬರು ಊದ್ ಹಿಡಿದು ಹಾಡುತ್ತಾರೆ. ಪಕ್ಕದಲ್ಲಿ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ, ಎರಡು ಮುಖದ ‘ಮಿರ್ವಾಸ್’ ಚರ್ಮವಾದ್ಯ. ಕೇಳಲು ಕುಳಿತವರು ಸುಮ್ಮನಿರುವುದಿಲ್ಲ. ಒಂದು ಗುಂಪಿನ ಚಪ್ಪಾಳೆಯ ಸಂದಿಯಲ್ಲಿ ಇನ್ನೊಂದು ಗುಂಪಿನ ಚಪ್ಪಾಳೆ ಬೀಳುತ್ತದೆ, ಎರಡೂ ಹೆಣೆದುಕೊಂಡು ಮೂರನೆಯ ತಾಳವೊಂದು ಹುಟ್ಟುತ್ತದೆ. ಮುತ್ತು ಹೆಕ್ಕುವ ಹಡಗುಗಳಲ್ಲಿ ‘ನಹ್ಹಾಮ್’ ಎಂಬ ಗಾಯಕನೇ ಇರುತ್ತಿದ್ದ. ಹಗ್ಗ ಎಳೆಯುವವರ ಉಸಿರಿಗೆ ಲಯ ಕೊಡುವುದು ಅವನ ಕೆಲಸ. 1946ರಲ್ಲಿ ತೈಲ ರಫ್ತು ಶುರುವಾದ ಮೇಲೆ ಆ ದುಡಿಮೆ ಮುಗಿಯಿತು, ಹಾಡು ಜನಪದ ತಂಡಗಳಲ್ಲಿ ಉಳಿಯಿತು. ಮಾತು, ಲಯ, ಸುತ್ತ ಕೂತವರ ಪಾಲುಗಾರಿಕೆ ಈ ಮೂರೂ ಇದ್ದ ನೆಲಕ್ಕೆ ರ‍್ಯಾಪ್ ಪೂರ್ತಿ ಪರಕೀಯವಾಗಲು ಸಾಧ್ಯವಿರಲಿಲ್ಲ ಎಂಬುದು ನನ್ನ ನಂಬಿಕೆ.

ಆದರೂ ಅದು ಬಂದದ್ದು ಇಂಗ್ಲಿಷ್ ವೇಷದಲ್ಲೇ. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್‌ಗೆ ನುಗ್ಗಿತು. 1991ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಆಮೇಲೆ ಅಮೆರಿಕದ ಸೈನಿಕರು, ಉಪಗ್ರಹ ಟಿವಿ, ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳು ಒಂದು ಪೀಳಿಗೆಯ ಕಿವಿಯನ್ನೇ ಬದಲಿಸಿದವು. ಮದ್ಯ ನಿಷೇಧವಿರುವ, ನೈಟ್‌ಕ್ಲಬ್‌ಗಳಿಲ್ಲದ, ಕಛೇರಿಗಳಲ್ಲಿ ಪ್ರೇಕ್ಷಕರು ಎದ್ದು ಕುಣಿಯುವಂತಿಲ್ಲ ಎಂದು ಕಟ್ಟುನಿಟ್ಟು ಮಾಡಿದ ದೇಶದಲ್ಲಿ ಈ ಸಂಗೀತ ಬೆಳೆಯಬೇಕಾದದ್ದು ಕಾರಿನೊಳಗೆ, ಮನೆಯ ಬೈಠಕ್ ಕೋಣೆಗಳಾದ ದಿವಾನಿಯಾಗಳಲ್ಲಿ, ಇಂಟರ್ನೆಟ್ಟಿನಲ್ಲಿ.

ಅಕ್ಕಪಕ್ಕದಲ್ಲಿ ಗಾಳಿ ಬೀಸತೊಡಗಿತ್ತು. 2007ರಲ್ಲಿ ಆರಂಭವಾದ ಎಂಟಿವಿ ಅರೇಬಿಯಾದಲ್ಲಿ ಸೌದಿಯ ಕುಸೈ ‘ಹಿಪ್‌ಹಾಪ್‌ನಾ’ ಕಾರ್ಯಕ್ರಮ ನಡೆಸಿಕೊಟ್ಟರು. 2008ರಲ್ಲಿ ಎಮಿರೇಟ್ಸ್‌ನ ಸಹೋದರರ ‘ಡೆಸರ್ಟ್ ಹೀಟ್’ ಜೋಡಿ ಆಲ್ಬಂ ತಂದಿತು. ಕುವೈತ್‌ನಿಂದ ಹೊರಗೆ ಹೆಸರು ಮಾಡಿದ್ದೂ ಅಣ್ಣತಮ್ಮಂದಿರೇ: ಯಾಕೂಬ್ ಮತ್ತು ಅಬ್ದುಲ್ ಅವರ ‘ಸನ್ಸ್ ಆಫ್ ಯೂಸುಫ್’. ಅವರ ‘ಶೇಖ್ ದ ವರ್ಲ್ಡ್’ ಆಲ್ಬಮ್ಮಿನ ಹೆಸರಲ್ಲೇ ಧೋರಣೆ ಇದೆ. ಇಂಗ್ಲಿಷ್ ಪಂಕ್ತಿಗಳ ನಡುವೆ ಕುವೈತಿ ಅರಬ್ಬಿ ನುಗ್ಗುತ್ತದೆ. ಬೆದೂಯಿನ್ ಗುರುತು ನಾಚಿಕೆಯಿಲ್ಲದೆ ಎದ್ದು ನಿಲ್ಲುತ್ತದೆ. ಲಾಸ್ ಏಂಜಲೀಸಿನ ನೆರಳು ಅವರ ಮೇಲೆ ದಟ್ಟವಾಗಿದೆ ನಿಜ. ಆದರೆ ‘ನಾನು ಇಲ್ಲಿಯವನು’ ಎಂದು ಜಗತ್ತಿಗೆ ಮೊದಲು ಹೇಳಿಕೊಳ್ಳುವವರಿಗೆ ಕೇಳುಗರ ಭಾಷೆ ಬೇಕಾಗುತ್ತದೆ, ಅದನ್ನು ದೋಷ ಎನ್ನಲಾರೆ.

ರ‍್ಯಾಪರ್ ಅಲ್ಲದಿದ್ದರೂ ಸಂಗೀತಗಾರ್ತಿ ಫಾತಿಮಾ ಅಲ್ ಕಾದಿರಿಯನ್ನು ಬಿಟ್ಟು ಈ ಕಥೆ ಹೇಳಲಾಗದು. 1981ರಲ್ಲಿ ಸೆನೆಗಲ್‌ನಲ್ಲಿ ಹುಟ್ಟಿ ಕುವೈತ್‌ನಲ್ಲಿ ಬೆಳೆದ ಈಕೆ ಆಕ್ರಮಣವನ್ನು ಬಾಲ್ಯದಲ್ಲೇ ಕಂಡವರು. ಯುದ್ಧ ಮುಗಿದ ಮೇಲೆ ಅದೇ ಯುದ್ಧದ ಹೋಲಿಕೆಯ ಅಮೆರಿಕನ್ ವಿಡಿಯೋ ಗೇಮ್ ಒಂದು ಮಕ್ಕಳ ಕೈಗೆ ಬಂತು. ಮನೆಯ ಮೇಲೆ ಬಿದ್ದ ಬಾಂಬು ಆಟದ ಸಾಮಾನಾಗಿ ಮರಳಿ ಬಂದಾಗ ಮಗುವಿನ ಮನಸ್ಸಿಗೆ ಏನಾಗುತ್ತದೆ? ಆ ಗೇಮಿನ ಹೆಸರನ್ನೇ ಇಟ್ಟು 2012ರಲ್ಲಿ ಅವರು ತಂದ ‘ಡೆಸರ್ಟ್ ಸ್ಟ್ರೈಕ್’ ಇಪಿಯಲ್ಲಿ ಮಾತಿನ ವಿವರಣೆಯಿಲ್ಲ, ತಣ್ಣನೆಯ ಎಲೆಕ್ಟ್ರಾನಿಕ್ ಸದ್ದು ಇದೆ. ಮುಂದೆ ಅವರಿದ್ದ ‘ಫ್ಯೂಚರ್ ಬ್ರೌನ್’ ತಂಡ 2015ರ ಆಲ್ಬಮ್ಮಿಗೆ ಬೇರೆ ಬೇರೆ ಊರುಗಳ ರ‍್ಯಾಪರ್‌ಗಳನ್ನು ಸೇರಿಸಿತು. ಕುವೈತ್‌ನಲ್ಲಿ ಬೆಳೆದ ಕಿವಿಯೊಂದು ಹಿಪ್‌ಹಾಪ್‌ನ ಸದ್ದನ್ನೇ ರೂಪಿಸುವ ಕೆಲಸಕ್ಕೆ ಕೈಹಾಕಿತ್ತು.

ಫ್ಲಿಪರಾಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಡುಮಾತಿನ ಅರಬ್ಬಿ, ಕೊಲ್ಲಿಯ ಚಪ್ಪಾಳೆ, ನಗುತ್ತಾ ಹೇಳುವ ಧಾಟಿ. ಪರರಿಗೆ ಅರ್ಥವಾಗಲಿ ಎಂದು ಏನನ್ನೂ ತಿದ್ದಲಿಲ್ಲ, ಅದಕ್ಕೇ ಪರರಿಗೂ ತಲುಪಿತು. ಚಂದನ್ ಶೆಟ್ಟಿ, ಆಲ್ ಓಕೆ ಮುಂತಾದವರಿಂದ ಕನ್ನಡದಲ್ಲಿ ರ‍್ಯಾಪ್ ಕೇಳಿದ ನಮಗೆ ಈ ಪಾಠ ಹೊಸದೇನಲ್ಲ.

ಈ ಚರಿತ್ರೆಯಲ್ಲಿ ನನ್ನ ಮಟ್ಟಿಗೆ ಖಾಲಿ ಉಳಿದ ಜಾಗ ಒಂದಿದೆ. ಕುವೈತ್‌ನಲ್ಲಿ ಸುಮಾರು 10 ಲಕ್ಷ ಭಾರತೀಯರಿದ್ದಾರೆ, ಅಂದರೆ ಐವರಲ್ಲಿ ಒಬ್ಬರು. ಮಂಗಳೂರು, ಉಡುಪಿ, ಕಾಸರಗೋಡಿನ ಮನೆಗಳು ಆ ದುಡಿಮೆಯಿಂದ ಎದ್ದಿವೆ. 2024ರ ಜೂನ್ 12ರಂದು ಮಂಗಾಫ್‌ನ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ಸತ್ತರು. ಒಂದು ಕೋಣೆಗೆ ಎಷ್ಟು ಮಂಚ, ಊರಿಗೆ ಫೋನ್ ಮಾಡುವ ಶುಕ್ರವಾರ, ಹಳೆಯ ನಹ್ಹಾಮ್ ಹಾಡುತ್ತಿದ್ದ ಅದೇ ಬೆವರು — ಇವೆಲ್ಲ ರ‍್ಯಾಪ್‌ಗೆ ಹೇಳಿ ಮಾಡಿಸಿದ ವಸ್ತು. ಸಾಲ್ಮಿಯಾ, ಅಬ್ಬಾಸಿಯಾ, ಫಹಾಹೀಲ್‌ನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಬಾಯಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿಯ ಜೊತೆ ಕುವೈತಿ ಅರಬ್ಬಿಯೂ ಇದೆ. ಕುವೈತ್ ಕನ್ನಡ ಕೂಟ, ತುಳುಕೂಟದ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಬರುವ ರಾಜ್ಯೋತ್ಸವದ ವೇದಿಕೆಯಲ್ಲಿ ಆ ಹುಡುಗ ಹುಡುಗಿಯರಿಗೆ ಹದಿನೈದು ನಿಮಿಷ ಕೊಡಿ, ಅವರು ಬರೆದದ್ದನ್ನು ಅವರೇ ಹಾಡಲಿ.