ಕೆ.ಜಿ.ಎಫ್. ಸೈನೈಡ್ ದಿಬ್ಬಗಳು: ಭೂತಾಂತ್ರಿಕ ತನಿಖೆ ಹಾಗೂ ಸುರಕ್ಷಿತ ಮುಕ್ತಾಯ ಕುರಿತು ಸಾರ್ವಜನಿಕ ಮಾಹಿತಿ

ಕೋಲಾರ ಚಿನ್ನದ ಗಣಿಗಳಲ್ಲಿ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯಿಂದ ಆರಂಭವಾದ ಯಾಂತ್ರಿಕ ಗಣಿಗಾರಿಕೆಯು, 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಮುಚ್ಚುವುದರೊಂದಿಗೆ ಸ್ಥಗಿತಗೊಂಡಿತು. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಬಳಿಕ ಉಳಿದ ತ್ಯಾಜ್ಯ ಪುಡಿಯೇ ಸೈನೈಡ್ ದಿಬ್ಬ. ಇಂತಹ 13 ದಿಬ್ಬಗಳು ಸುಮಾರು 1,003 ಎಕರೆಯಲ್ಲಿ ಹರಡಿದ್ದು, ಇವುಗಳಲ್ಲಿ ಅಂದಾಜು 3.3 ಕೋಟಿ ಟನ್ ಪುಡಿ ಇದೆ. ಅಳಿದುಳಿದ ಚಿನ್ನಕ್ಕಾಗಿ ಇವುಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವನೆಗೆ ರಾಜ್ಯ ಸಚಿವ ಸಂಪುಟವು 2024ರ ಜೂನ್‌ನಲ್ಲಿ ಸಮ್ಮತಿ ನೀಡಿತು.

ಒಣ ಸಂಗ್ರಹಣೆ ಎಂದರೆ ತ್ಯಾಜ್ಯದ ನೀರನ್ನು ಸೋಸಿ ತೆಗೆದು, ಪದರ ಪದರವಾಗಿ ಹರಡಿ, ರೋಲರ್‌ನಿಂದ ಅದುಮಿ ಪೇರಿಸುವ ಪದ್ಧತಿ. ಬ್ರೆಜಿಲ್‌ನ ಬ್ರುಮಾಡಿನೊದಲ್ಲಿ 2019ರ ಜನವರಿ 25ರಂದು ತ್ಯಾಜ್ಯದ ಕಟ್ಟೆ ಕುಸಿದು ಸುಮಾರು 270 ಜನರು ಮೃತಪಟ್ಟ ನಂತರ ಈ ಪದ್ಧತಿಗೆ ಹೆಚ್ಚಿನ ಮಹತ್ವ ದೊರೆತಿದೆ. ಕೆ.ಜಿ.ಎಫ್. ದಿಬ್ಬಗಳು ಇಂದು ನೋಡಲು ಒಣಗಿದ್ದರೂ ಈ ರೀತಿ ಅದುಮಿ ಕಟ್ಟಿದವುಗಳಲ್ಲ. ಮೇಲ್ಮೈ ಒಣಗಿರುವ ಮಾತ್ರಕ್ಕೆ ಒಳಭಾಗವೂ ಒಣಗಿದೆ ಎಂದು ಭಾವಿಸಲಾಗದು. ಆದ್ದರಿಂದಲೇ ತನಿಖೆ ಅವಶ್ಯಕ.

ತನಿಖೆಯಲ್ಲಿ ದಿಬ್ಬದ ನೆತ್ತಿಯಿಂದ ಮೂಲ ನೆಲದವರೆಗೆ ಕೊಳವೆ ಕೊರೆದು, ವಿವಿಧ ಆಳಗಳಲ್ಲಿ ಮಾದರಿಗಳನ್ನು ತೆಗೆಯಲಾಗುತ್ತದೆ. ತೇವಾಂಶ, ಸಾಂದ್ರತೆ, ಕಣಗಳ ಗಾತ್ರ, ನೀರು ಇಂಗುವ ವೇಗ ಮತ್ತು ಜಾರುವಿಕೆಯನ್ನು ತಡೆಯುವ ಬಲವನ್ನು ಪ್ರಯೋಗಾಲಯದಲ್ಲಿ ಅಳೆಯಲಾಗುತ್ತದೆ. ಒಳಗಿನ ನೀರಿನ ಒತ್ತಡವನ್ನು ಪೀಜೋಮೀಟರ್ ತೋರಿಸುತ್ತದೆ; ಒಂದು ಮಳೆಗಾಲವನ್ನಾದರೂ ಪೂರ್ತಿ ಗಮನಿಸದ ಅಳತೆ ಅಪೂರ್ಣವೇ ಸರಿ. ನೀರು ತುಂಬಿದ ಸಡಿಲ ಪುಡಿಯು ಕಂಪನಕ್ಕೆ ಸಿಲುಕಿದರೆ ದ್ರವದಂತೆ ಹರಿಯಬಲ್ಲದು. ಆಳ ಗಣಿಗಳ ರಾಕ್ ಬರ್ಸ್ಟ್‌ನಿಂದ ನೆಲ ನಡುಗಿದ ಅನುಭವ ಈ ಊರಿಗೆ ಹಿಂದಿನಿಂದಲೂ ಇರುವುದರಿಂದ ಈ ಪರಿಶೀಲನೆಯನ್ನು ಕೈಬಿಡುವಂತಿಲ್ಲ.

ಹೆಸರು ಭಯ ಹುಟ್ಟಿಸಿದರೂ ಸೈನೈಡ್ ಬಿಸಿಲಿಗೆ ಬಹುಮಟ್ಟಿಗೆ ವಿಘಟನೆಗೊಳ್ಳುತ್ತದೆ. ನಿವಾಸಿಗಳನ್ನು ದಿನನಿತ್ಯ ಬಾಧಿಸುವುದು ಗಾಳಿಗೆ ಏಳುವ ಸಿಲಿಕಾಯುಕ್ತ ಧೂಳು ಹಾಗೂ ಮಳೆಗೆ ಕೊಚ್ಚಿ ಬರುವ ಪುಡಿ. ಇಳಿಜಾರನ್ನು ತಗ್ಗಿಸುವುದು, ಮಣ್ಣು ಹೊದಿಸಿ ಹುಲ್ಲು, ಗಿಡ ಬೆಳೆಸುವುದು, ಬುಡದಲ್ಲಿ ಚರಂಡಿ ಹಾಗೂ ತಡೆಗುಂಡಿ ನಿರ್ಮಿಸುವುದು ಮುಕ್ತಾಯ ಕಾಮಗಾರಿಯ ಮುಖ್ಯ ಅಂಶಗಳು.

ಮನೆಯ ಬುನಾದಿ ತುಂಬಲು ದಿಬ್ಬದ ಬುಡದಿಂದ ಪುಡಿ ಅಗೆಯುವುದರಿಂದ ಮೇಲ್ಭಾಗ ಕುಸಿಯುವ ಅಪಾಯವಿದೆ. ಅನುಮತಿಯಿಲ್ಲದೆ ಸಾಗಿಸುವುದು ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1957ರನ್ವಯ ಅಪರಾಧವಾಗಿರುತ್ತದೆ. ತನಿಖಾ ವರದಿಗಳ ಪ್ರತಿ ಬೇಕಾದವರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ನಿಗದಿತ ಶುಲ್ಕದೊಂದಿಗೆ, ವರದಿಯನ್ನು ಹೊಂದಿರುವ ಕಛೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಯವರಿಗೆ ಅರ್ಜಿ ಸಲ್ಲಿಸಬಹುದು. ಉತ್ತರ ನೀಡಲು 30 ದಿನಗಳ ಕಾಲಾವಕಾಶವಿರುತ್ತದೆ. ಅರ್ಜಿಯಲ್ಲಿ ದಿಬ್ಬ ಇರುವ ಸ್ಥಳ ಮತ್ತು ಕೋರುವ ದಾಖಲೆಯನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.